ಮುಚ್ಚದ ಎಂಟು

ಬಸ್ಸು ಸಾಲಗಾಮೆ ರಸ್ತೆಗೆ ಹೊರಳಿದರೆ
ಕಿಟಕಿ ಸೀಟಿಗೆ ಜಗಳಕ್ಕೆ ನಿಲ್ಲುವವಳು ನಾನೊಬ್ಬಳೇ.
ಬೇಲಿಯಾಚೆ ಬಿಳೀ ಬೋಗುಣಿಗಳು
ಮುಗಿಲಿಗೆ ಬಾಯಿ ತೆರೆದು ಕೂತಿರುತ್ತವೆ,
ಒಂದೊಂದು ಒಂದೊಂದು ದಿಕ್ಕಿಗೆ,
ಮಾತು ಬಿಟ್ಟ ಓರಗಿತ್ತಿಯರ ಹಾಗೆ.
ಮೂರನೇ ಕ್ಲಾಸಿನಲ್ಲಿ ಅಪ್ಪನನ್ನು ಕೇಳಿದ್ದೆ.
'ಮಳೆ ನೀರು ಹಿಡಿಯಾಕಿರಬೇಕು' ಅಂದಿದ್ದ.
ಐದು ವರ್ಷ ಅದನ್ನೇ ನಂಬಿದೆ,
ಮಳೆ ನಿಂತ ಮಾರನೇ ದಿನ
ತುಂಬಿದವೇ ಅಂತ ಕತ್ತು ಚಾಚಿ ನೋಡುತ್ತಿದ್ದೆ.

ಈಗ ಗೊತ್ತು: ಮೂವತ್ತಾರು ಸಾವಿರ ಕಿಲೋಮೀಟರು.
ಮಾತು ಹೋಗಿ ಬರಲು ಕಾಲು ಸೆಕೆಂಡು.
ಇದೂ ಗೊತ್ತು: ಹನ್ನೊಂದು ಜಾಗ, ಎರಡು ತಿಂಗಳು,
ದೇಶದ ತುಂಬಾ ಅರ್ಜಿ.
ವಿಭಾಗದಿಂದ ಶಿಫಾರಸು ಒಬ್ಬರಿಗೇ ಅಂದಾಗ
ರುಮಾನಾ ನನ್ನ ಕಡೆ ನೋಡಲಿಲ್ಲ. ನಾನೂ.
ಮಾರನೇ ದಿನ ನನ್ನ ಹಾಳೆಯ ಮೂಲೆಯಲ್ಲಿ
ಅವಳದೇ ಪೆನ್ಸಿಲ್ ಗುರುತು:
ಮೈನಸ್ ಬಿಟ್ಟಿದ್ದೀಯ.
ಬಿಟ್ಟಿದ್ದೆ. ಇಡೀ ಉಪಗ್ರಹ
ಭೂಮಿಯ ಹೊಟ್ಟೆಯೊಳಗೆ ಸುತ್ತುತ್ತಿತ್ತು.

ರಾತ್ರಿ ಓದು ಬಿ.ಎಂ. ರಸ್ತೆಯ ಕೋಲ್ಡ್ ಸ್ಟೋರೇಜಿನಲ್ಲಿ,
ಅಪ್ಪನ ಪಾಳಿಯಲ್ಲಿ.
ಮನೆಯಲ್ಲಿ ತಮ್ಮನ ಟಿವಿ, ಇಲ್ಲಿ ಕಂಪ್ರೆಸರ್.
ಇದರ ಸದ್ದಿಗೆ ಅರ್ಥವಿಲ್ಲ, ಆದ್ದರಿಂದ ಓದಬಹುದು.
ಗೋಡೆಯಾಚೆ ಕತ್ತಲಲ್ಲಿ ಅಟ್ಟಿಯ ಮೇಲೆ ಅಟ್ಟಿ
ಬಿತ್ತನೆ ಆಲೂಗಡ್ಡೆಯ ಮೂಟೆ.
ನಾಲ್ಕು ಡಿಗ್ರಿ. ಇಳಿದರೆ ಸಿಹಿಯಾಗುತ್ತವಂತೆ,
ಏರಿದರೆ ಕಣ್ಣು ಬಿಡುತ್ತವಂತೆ.
ಗಂಟೆಗೊಮ್ಮೆ ಅಪ್ಪ ಮುಳ್ಳು ನೋಡಿ
ಉದ್ದನೆ ಪುಸ್ತಕದಲ್ಲಿ ಬರೆಯುತ್ತಾನೆ: ೪.
ಕೆಳಗೆ ೪. ಅದರ ಕೆಳಗೆ ೪.
ಇಂಗ್ಲಿಷ್ ಅಂಕಿ ಬರಿ ಅಂತ ಮ್ಯಾನೇಜರ್ ಹೇಳಿ
ಹದಿನೆಂಟು ವರ್ಷವಾಯಿತು.

ಬೋರಲಿಂಗಯ್ಯ ಸರ್ ಅಣಕು ಸಂದರ್ಶನಕ್ಕೆ ಕೂತರು.
'ಉಪಗ್ರಹ ಇದ್ದಲ್ಲೇ ಇರುತ್ತದೆ ಅಂತೀಯ. ಹೇಗೆ?'
ಎದ್ದು ಬೋರ್ಡಿಗೆ ಹೋದೆ. ಎರಡು ಬಲ, ನಡುವೆ ಸಮ ಚಿಹ್ನೆ.
'ಹಾಗಾದರೆ ಸಾಲಗಾಮೆ ರಸ್ತೆಯಲ್ಲಿ ಅಷ್ಟು ಜನ
ರಾತ್ರಿಯೆಲ್ಲ ಎದ್ದು ಏನು ಮಾಡ್ತಾರಮ್ಮ?'
ಚಾಕ್‌ಪೀಸು ಕೈಯಲ್ಲೇ ಬೆವೆತಿತು.

ಇರುವುದಿಲ್ಲ. ಅದೇ ಉತ್ತರ.
ಚಂದ್ರ ಎಳೆಯುತ್ತಾನೆ, ಸೂರ್ಯ ಎಳೆಯುತ್ತಾನೆ,
ಭೂಮಿಯೂ ಪೂರಾ ಗುಂಡಗಿಲ್ಲ.
ಕಕ್ಷೆ ವಾಲಿದರೆ, ಕೆಳಗೆ ನಿಂತವರ ಲೆಕ್ಕಕ್ಕೆ,
ಅದು ದಿನಕ್ಕೊಂದು ಸಲ ಆಕಾಶದಲ್ಲಿ
ಇಂಗ್ಲಿಷಿನ ಎಂಟನ್ನು ತಿದ್ದುತ್ತದೆ.
ಚೂರು ಇಂಧನ ಉರಿಸಿ ತಳ್ಳಬೇಕು,
ಕೆಲವು ದಿನ ಬಿಟ್ಟು ಮತ್ತೆ.
ಇದ್ದಲ್ಲೇ ಇರುವುದಕ್ಕೂ ಖರ್ಚಿದೆ.
ಇದನ್ನೆಲ್ಲ ನಾನು ಬಸ್‌ಸ್ಟ್ಯಾಂಡಿನಲ್ಲಿ,
ಪ್ರಶ್ನೆ ಮುಗಿದು ಎರಡು ಗಂಟೆಯಾದ ಮೇಲೆ,
ಕಡಲೆಕಾಯಿ ಗಾಡಿಯೆದುರು ಬಾಯಿಬಿಟ್ಟು ಹೇಳಿದೆ.
'ಐದ್ರೂಪಾಯಿಗೆ ಬರಲ್ಲಕ್ಕ, ಹತ್ತು' ಅಂದ.

ಶಿಫಾರಸು ರುಮಾನಾಗೆ ಹೋಯಿತು.
ಪತ್ರವಿಲ್ಲದೆಯೂ ಅರ್ಜಿ ಹಾಕಬಹುದು
ಅಂತ ಸಣ್ಣಕ್ಷರದಲ್ಲಿದೆ;
ಆ ಸಾಲಿನ ಕೆಳಗೆ ಗೆರೆ ಎಳೆದು ಕಳಿಸಿದವಳೂ ಅವಳೇ.
ಸಿಟ್ಟು ಬಂತು. ಉತ್ತರ ಬರೆಯಲಿಲ್ಲ.

ಕೊನೆಯ ರಾತ್ರಿ. ಖಾಲಿ ಚೌಕ ಕೇಳುತ್ತದೆ:
ನೀವೇ ಯಾಕೆ? ಇನ್ನೂರು ಪದ.
ಚಿಕ್ಕಂದಿನಿಂದಲೂ ನಕ್ಷತ್ರಗಳೆಂದರೆ, ಅಂತ ಶುರುಮಾಡಿ ಅಳಿಸಿದೆ.
ನಕ್ಷತ್ರ ಅಲ್ಲ, ಬೋಗುಣಿ.
ಅದನ್ನೂ ಅಳಿಸಿದೆ.
ಅಪ್ಪ ಎದ್ದ. ಮುಳ್ಳು ಕೂದಲೆಳೆ ಸರಿದಿತ್ತೇನೋ,
ವಾಲ್ವನ್ನು ಕಾಲು ಸುತ್ತು ತಿರುಗಿಸಿ ಕಾದು ನಿಂತ.
'ಅಲ್ಲಿ ಊಟ ಅವರೇ ಕೊಡ್ತಾರಾ?'
'ಸಿಕ್ಕಿದರೆ ತಾನೇ.'
'ಸಿಕ್ಕಿದರೇ ಕೇಳ್ತಿರೋದು.'
ಪುಸ್ತಕಕ್ಕೆ ಬಗ್ಗಿದ.
ಕೆಳಗೊಂದು ಸುರುಳಿ, ಮೇಲೆ ಎರಡು ತೋಳು:
ಎಂಟು ಬರೆಯಲು ಹೊರಟವನು
ಮೇಲ್ಗಡೆ ಮುಚ್ಚದೇ ಬಿಟ್ಟ ಹಾಗೆ.

ಹನ್ನೊಂದೂ ಮುಕ್ಕಾಲು. ಟೈಪು ಮಾಡಿದೆ:
ನಮ್ಮಪ್ಪ ಆಲೂಗಡ್ಡೆಗಳನ್ನು ನಾಲ್ಕು ಡಿಗ್ರಿಯಲ್ಲಿ ಇಡುತ್ತಾನೆ.
ಇನ್ನು ನೂರ ತೊಂಬತ್ತೈದು ಪದ.